ನೆತ್ತಿಗಿಂತ ಮೊದಲು ಗಡಿಯಾರ ನೋಡಿ: ಕಾಡು-ಗುಡ್ಡ ಸುತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಗುಡ್ಡದ ನೆತ್ತಿ ಕಣ್ಣೆದುರಿಗೇ ಇತ್ತು. ಇನ್ನು ಅರ್ಧ ಗಂಟೆ ನಡೆದರೆ ಸಾಕು ಅನ್ನಿಸುತ್ತಿತ್ತು. ಬೆಳಿಗ್ಗೆ ಹೊರಡುವಾಗ ‘ಎಲ್ಲೇ ಇದ್ದರೂ ಒಂದೂವರೆಗೆ ವಾಪಸ್’ ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆಗಲೇ ಎರಡಾಗಿತ್ತು. ಚೀಟಿ ಜೇಬಿನಲ್ಲೇ ಉಳಿಯಿತು, ನಾನು ಮೇಲಕ್ಕೆ ಹೋದೆ. ಅರ್ಧ ಗಂಟೆ ಅಂದುಕೊಂಡಿದ್ದು ಒಂದೂಕಾಲು ಗಂಟೆ ಹಿಡಿಯಿತು. ಯಾಕೆಂದರೆ ಕೆಳಗಿನಿಂದ ಕಂಡದ್ದು ನೆತ್ತಿಯೇ ಆಗಿರಲಿಲ್ಲ, ಅದರ ಮುಂದಿನ ದಿಬ್ಬ. ಕೊನೆಯ ನಾಲ್ಕು ಕಿಲೋಮೀಟರು ಕತ್ತಲಲ್ಲಿ ಇಳಿದೆ. ಕೈಯಲ್ಲಿದ್ದದ್ದು ಚಾರ್ಜ್ ಮುಗಿಯುತ್ತಾ ಬಂದಿದ್ದ ಮೊಬೈಲಿನ ಬೆಳಕು ಮಾತ್ರ. ಏನೂ ಆಗಲಿಲ್ಲ, ನಿಜ. ಆದರೆ ಅದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ಆ ದಿನದ ನಂತರ ನನ್ನ ತಯಾರಿಯ ಕ್ರಮವೇ ಬದಲಾಯಿತು. ಒಂದು ದಿನದಲ್ಲಿ ಹೋಗಿ ಬರುವಂಥ ಚಾರಣಕ್ಕೆ ನಾನು ಹೇಗೆ ಸಿದ್ಧವಾಗುತ್ತೇನೆ, ಒಳಗೆ ಹೋದ ಮೇಲೆ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಹೊರಡುವ ಮುಂಚಿನಿಂದ ಮನೆ ಮುಟ್ಟುವವರೆಗೆ ಸಾಲಾಗಿ ಬರೆದಿದ್ದೇನೆ. ಡೇರೆ ಹಾಕಿ ವಾರಗಟ್ಟಲೆ ಇರುವವರಿಗೆ ಇಷ್ಟು ಸಾಲದು.

1. ಮೊದಲು ಆ ಕಾಡಿನ ಕಾನೂನು ತಿಳಿದುಕೊಳ್ಳಿ

‘ರಾಷ್ಟ್ರೀಯ ಉದ್ಯಾನ’ ಅನ್ನುವ ಹೆಸರು ಎಲ್ಲ ಕಡೆ ಒಂದೇ. ಒಳಗಿನ ನಿಯಮ ಮಾತ್ರ ಜಾಗಕ್ಕೊಂದು. 1872ರಲ್ಲಿ ಅಮೆರಿಕದಲ್ಲಿ ಯೆಲ್ಲೋಸ್ಟೋನ್ ಶುರುವಾದ ಮೇಲೆ ಒಂದೊಂದು ದೇಶವೂ ತನ್ನ ಕಾಡಿಗೆ ತಕ್ಕ ಕಟ್ಟಳೆ ಮಾಡಿಕೊಂಡಿತು. ಯೆಲ್ಲೋಸ್ಟೋನಿನಲ್ಲಿ ನೀವೊಬ್ಬರೇ ಹಾದಿ ಹಿಡಿದು ಹೋಗಬಹುದು. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಸಿಂಹ, ಆನೆಗಳಿರುವ ಬಯಲಲ್ಲಿ ನಡೆಯಬೇಕಾದರೆ ಬಂದೂಕು ಹಿಡಿದ ಗೈಡ್‌ಗಳು ಜೊತೆಗಿರಲೇಬೇಕು. ನೇಪಾಳದ ಚಿತ್ವನ್‌ನಲ್ಲೂ ಗೈಡ್ ಇಲ್ಲದೆ ಕಾಡೊಳಗೆ ನಡೆಯುವಂತಿಲ್ಲ. ಸ್ವೀಡನ್ನಿನ ಸಾರೆಕ್ ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರೂ ತಡೆಯುವುದಿಲ್ಲ, ಆದರೆ ಉದ್ಯಾನದ ಒಳಗೆ ಗುರುತು ಹಾಕಿದ ಹಾದಿಗಳೂ ಇಲ್ಲದಷ್ಟೇ ಕಡಿಮೆ. ಇನ್ನು ಕೆಲವು ಮೀಸಲು ಕಾಡುಗಳಿಗೆ ಸಂಶೋಧಕರನ್ನು ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. ಹಾಗಾಗಿ ‘ಹೋದ ಸಲ ಬೇರೆ ಕಡೆ ಬಿಟ್ಟಿದ್ದರಲ್ಲ’ ಅನ್ನುವ ವಾದ ಗೇಟಿನಲ್ಲಿ ನಡೆಯುವುದಿಲ್ಲ.

ಹೆಸರಾದ ಹಾದಿಗಳಿಗೆ ಮುಂಚಿತವಾಗಿ ಪರ್ಮಿಟ್ ಬೇಕಾಗುತ್ತದೆ. ಅಮೆರಿಕದ ಯೊಸೆಮಿಟಿ ಉದ್ಯಾನದ ಹಾಫ್ ಡೋಮ್ ಬಂಡೆಗೆ ಉಕ್ಕಿನ ಹಗ್ಗ ಹಿಡಿದು ಹತ್ತಲು ದಿನಕ್ಕೆ ಸುಮಾರು 300 ಜನರಿಗಷ್ಟೇ ಅವಕಾಶ, ಅದೂ ಲಾಟರಿ ಎತ್ತಿ. ಅದೇ ದೇಶದ ಝಯಾನ್ ಉದ್ಯಾನದ ಏಂಜಲ್ಸ್ ಲ್ಯಾಂಡಿಂಗ್ ಬಂಡೆಗೂ 2022ರಿಂದ ಇದೇ ಪದ್ಧತಿ. ಪೆರುವಿನ ಇಂಕಾ ಹಾದಿಯನ್ನು ಪ್ರತಿ ಫೆಬ್ರವರಿಯಲ್ಲಿ ದುರಸ್ತಿಗಾಗಿ ಪೂರ್ತಿ ಮುಚ್ಚುತ್ತಾರೆ. ವಿಮಾನದ ಟಿಕೆಟ್ ಮಾಡಿಸಿದ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಡ್ರೋನ್, ನಾಯಿ, ಬೆಂಕಿ ಈ ಮೂರರ ನಿಯಮ ವಿಶೇಷವಾಗಿ ನೋಡಿಕೊಳ್ಳಿ. ಶೂ ವಿಷಯಕ್ಕೂ ನಿಯಮ ಇರಬಹುದು. ನ್ಯೂಜಿಲೆಂಡಿನ ಕೌರಿ ಮರಗಳ ಕಾಡಿಗೆ ಹೋಗುವ ಹಾದಿಗಳಲ್ಲಿ ಶೂ ಉಜ್ಜಿ, ಔಷಧಿ ಹಾಕಿಕೊಂಡು ಮುಂದೆ ಹೋಗುವ ವ್ಯವಸ್ಥೆ ಇದೆ. ಬೇರಿಗೆ ತಗಲುವ ಒಂದು ರೋಗ ಮಣ್ಣಿನ ಜೊತೆ ಹರಡಿ ಸಾವಿರ ವರ್ಷ ಬಾಳುವ ಮರಗಳನ್ನೇ ಒಣಗಿಸುತ್ತಿದೆ. ಆ ಮಣ್ಣು ಹೋಗುವುದು ನಮ್ಮ ಅಟ್ಟೆಯಲ್ಲೇ.

ವೆಬ್‌ಸೈಟ್ ಓದಿದರೂ ಗೇಟಿನಲ್ಲಿರುವ ಸಿಬ್ಬಂದಿಯನ್ನು ಮೂರು ಮಾತು ಕೇಳಿ. ಈ ವಾರ ಯಾವ ಹಾದಿ ಮುಚ್ಚಿದೆ? ಮೇಲೆ ಎಲ್ಲಿ ನೀರು ಹರಿಯುತ್ತಿದೆ? ಇತ್ತೀಚೆಗೆ ಯಾವ ಪ್ರಾಣಿ ಯಾವ ಕಡೆ ಕಂಡಿದೆ? ಈ ಎರಡು ನಿಮಿಷದ ಮಾತು ಎಷ್ಟೋ ಸಲ ನನ್ನ ಹಾದಿಯನ್ನೇ ಬದಲಿಸಿದೆ.

2. ಹಾದಿಯನ್ನು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ ಅಳೆಯಿರಿ

ಹೊಸಬರು ಹೆಚ್ಚು ಎಡವುವುದು ಇಲ್ಲೇ. ‘ಬರೀ 12 ಕಿಲೋಮೀಟರು, ನಾನು ದಿನಾ ಪಾರ್ಕಿನಲ್ಲಿ ಎಂಟು ನಡೆಯುತ್ತೇನೆ’ ಅನ್ನುತ್ತಾರೆ. ಪಾರ್ಕು ಸಪಾಟು. ಗುಡ್ಡ ಹಾಗಲ್ಲ.

ಲೆಕ್ಕ ಹಾಕಲು ಒಂದು ಹಳೆಯ ಸೂತ್ರ ಇದೆ. ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು ಒಟ್ಟು 12 ಕಿಲೋಮೀಟರು, ಏರು 900 ಮೀಟರ್ ಅಂತಿಟ್ಟುಕೊಳ್ಳಿ. ದೂರಕ್ಕೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ, ಏರಿಗೆ ಒಂದೂವರೆ ಗಂಟೆ. ಹತ್ತಿರ ಹತ್ತಿರ ನಾಲ್ಕು ಗಂಟೆ.

ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ನಾವು ನೀರು ಕುಡಿಯುತ್ತೇವೆ, ಹಕ್ಕಿ ನೋಡುತ್ತೇವೆ, ಫೋಟೊ ತೆಗೆಯುತ್ತೇವೆ, ಶೂ ದಾರ ಕಟ್ಟುತ್ತೇವೆ. ಹಾಗಾಗಿ ಬಂದ ಉತ್ತರವನ್ನು ನಾನು ಒಂದೂವರೆ ಪಟ್ಟು ಮಾಡುತ್ತೇನೆ. ಆರು ಗಂಟೆ ಆಯಿತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನ ಹನ್ನೆರಡಕ್ಕೆ ಮೇಲೆ, ಎರಡಕ್ಕೆ ಕೆಳಗೆ. ಸೂರ್ಯ ಆರೂವರೆಗೆ ಮುಳುಗಿದರೆ ಕೈಯಲ್ಲಿ ನಾಲ್ಕೂವರೆ ಗಂಟೆ ಉಳಿಯುತ್ತದೆ. ಅದನ್ನು ಖರ್ಚು ಮಾಡಬೇಕಿಲ್ಲ. ಕಾಲು ಉಳುಕಿದರೆ ಅಂತ ಇಟ್ಟುಕೊಂಡಿರುವ ಗಂಟು ಅದು.

ಈ ಲೆಕ್ಕದಿಂದಲೇ ವಾಪಸ್ ತಿರುಗುವ ಹೊತ್ತು ಹುಟ್ಟುತ್ತದೆ. ಮೇಲಿನ ಉದಾಹರಣೆಯಲ್ಲಿ ನಾನು ‘ಒಂದು ಗಂಟೆ’ ಅಂತ ಬರೆಯುತ್ತೇನೆ. ಒಂದಕ್ಕೆ ಎಲ್ಲಿರುತ್ತೇನೋ ಅಲ್ಲಿಂದ ಹಿಂದೆ. ನೆತ್ತಿ ನೂರು ಮೀಟರ್ ದೂರ ಇದ್ದರೂ ಸರಿ. ಇದನ್ನು ಮನೆಯಲ್ಲೇ ತೀರ್ಮಾನ ಮಾಡಿ, ಜೊತೆಯವರಿಗೆಲ್ಲ ಹೇಳಿಬಿಡಿ. ಮೇಲೆ ಹೋದ ಮೇಲೆ ದಣಿವು, ಆಸೆ, ನಾಚಿಕೆ ಮೂರೂ ಸೇರಿ ತೀರ್ಮಾನ ಮಾಡುತ್ತವೆ. ಅವು ಒಳ್ಳೆ ಸಲಹೆಗಾರರಲ್ಲ.

ಕಣಿವೆಗೆ ಇಳಿಯುವ ಹಾದಿಯಾದರೆ ಲೆಕ್ಕ ತಲೆಕೆಳಗು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮೊದಲು ಸುಲಭವಾದ ಇಳಿಜಾರು, ಆಮೇಲೆ ದಣಿದ ಕಾಲಲ್ಲಿ ಸುಡುಬಿಸಿಲಿನ ಏರು. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕು ಅಂತ ಅಲ್ಲಿನ ರೇಂಜರುಗಳು ಹೇಳುತ್ತಾರೆ. ಮೇಲಂಚಿನಿಂದ ನದಿಗೆ ಇಳಿದು ಅದೇ ದಿನ ವಾಪಸ್ ಬರುವ ಸಾಹಸ ಬೇಡ ಅಂತಲೂ ಎಚ್ಚರಿಸುತ್ತಾರೆ.

3. ನಕ್ಷೆ: ಮೊಬೈಲು ಇರಲಿ, ಕಾಗದವೂ ಇರಲಿ

ಮೊಬೈಲಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಅದು ಉಪಗ್ರಹದಿಂದಲೇ ಕೆಲಸ ಮಾಡುತ್ತದೆ. ಬೇಕಾದದ್ದು ಮೊದಲೇ ಇಳಿಸಿಟ್ಟುಕೊಂಡ ನಕ್ಷೆ. ಮನೆಯಲ್ಲಿ ನಕ್ಷೆ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ, ನಕ್ಷೆ ತೆರೆಯುತ್ತದಾ ಅಂತ ಒಮ್ಮೆ ನೋಡಿಬಿಡಿ. ಕಾಡಿನಲ್ಲೂ ಅದೇ ಮೋಡ್‌ನಲ್ಲಿಡಿ. ಸಿಗ್ನಲ್ ಇಲ್ಲದ ಕಡೆ ಫೋನು ಸುಮ್ನೆ ಹುಡುಕಾಡಿ ಬ್ಯಾಟರಿ ತಿನ್ನುತ್ತದೆ. ಚಳಿಯಲ್ಲೂ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ಫೋನು ಮೈಗೆ ಹತ್ತಿದ ಜೇಬಿನಲ್ಲಿರಲಿ.

ಕಾಗದದ ನಕ್ಷೆಯಲ್ಲಿ ನೋಡಬೇಕಾದದ್ದು ಸಮಾನ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ನೆಮ್ಮದಿಯ ನಡಿಗೆ. ಗೆರೆಗಳು ಬಾಣದ ಮೊನೆಯ ಹಾಗೆ ಎತ್ತರದ ಕಡೆ ಚೂಪಾಗಿದ್ದರೆ ಅದು ಹಳ್ಳ, ತಗ್ಗಿನ ಕಡೆ ಚೂಪಾಗಿದ್ದರೆ ಗುಡ್ಡದ ಏಣು. ಅಳತೆ 1:25,000 ಇದ್ದರೆ ನಕ್ಷೆಯ 4 ಸೆಂಟಿಮೀಟರು ನೆಲದ ಒಂದು ಕಿಲೋಮೀಟರು. 1:50,000 ಆದರೆ 2 ಸೆಂಟಿಮೀಟರು. ಹೊರಡುವ ಹಿಂದಿನ ರಾತ್ರಿ ಹಾದಿಯ ಮೇಲೆ ಬೆರಳಾಡಿಸುತ್ತಾ ‘ಇಲ್ಲಿ ಹಳ್ಳ ದಾಟುತ್ತದೆ, ಇಲ್ಲಿ ಬಲಕ್ಕೆ ಕವಲು, ಇಲ್ಲಿಂದ ಜೋರು ಏರು’ ಅಂತ ಕತೆಯ ಹಾಗೆ ಹೇಳಿಕೊಳ್ಳಿ. ಮರುದಿನ ಹಳ್ಳ ಸಿಗದೇ ಹೋದರೆ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ.

4. ಕಾಲು, ಮೈ, ಬೆನ್ನು

ಹೊಸ ಶೂ ಹಾಕಿಕೊಂಡು ನೇರವಾಗಿ ಗುಡ್ಡಕ್ಕೆ ಹೋಗಬೇಡಿ. ಎರಡು ವಾರ ಬೀದಿಯಲ್ಲಿ ನಡೆದು ಕಾಲಿಗೆ ಒಗ್ಗಿಸಿಕೊಳ್ಳಿ. ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಯಾಕೆಂದರೆ ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಚಾರಣದಲ್ಲೂ ಊದುತ್ತದೆ. ಹೆಬ್ಬೆರಳ ಮುಂದೆ ಒಂದು ಹೆಬ್ಬೆಟ್ಟಿನಗಲ ಜಾಗ ಇರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ದಿನದ ಚಾರಣಕ್ಕೆ ಹಗುರ ಶೂ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕಣಕಾಲು ಮುಚ್ಚುವ ಭಾರದ ಬೂಟುಗಳು ಕಲ್ಲುಗುಂಡಿನ ಜಾಗಕ್ಕೆ, ಭಾರದ ಬ್ಯಾಗಿಗೆ ಸರಿ.

ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿ ಬಿಸಿ ಅನ್ನಿಸುತ್ತದೆ. ಆಗಲೇ ನಿಂತು, ಸಾಕ್ಸ್ ತೆಗೆದು, ಒಣಗಿಸಿ, ಟೇಪ್ ಅಂಟಿಸಿ. ‘ಮುಂದೆ ನೋಡೋಣ’ ಅಂದವರು ಮುಂದೆ ಕುಂಟುತ್ತಾರೆ.

ಬಟ್ಟೆಯಲ್ಲಿ ಒಂದೇ ಮಾತು: ಚಳಿ, ಮಳೆ ಇರುವ ಕಡೆ ಮೈಗೆ ಹತ್ತಿದ ಬಟ್ಟೆ ಹತ್ತಿಯದ್ದು ಬೇಡ. ಬೆವರು ಕುಡಿದ ಹತ್ತಿ ಒಣಗುವುದಿಲ್ಲ, ನಿಂತ ಕೂಡಲೇ ಮೈಯ ಬಿಸಿ ಎಳೆದುಬಿಡುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಕಿ. ಅದರ ಮೇಲೆ ಬೆಚ್ಚನೆಯ ಒಂದು, ಎಲ್ಲಕ್ಕೂ ಮೇಲೆ ಗಾಳಿ-ಮಳೆ ತಡೆಯುವ ಒಂದು. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೆಳಗೆ ಅಂಗಿ ಸಾಕಾದ ದಿನ ಮೇಲೆ ಗಾಳಿಯಲ್ಲಿ ಹಲ್ಲು ಕಟಕಟ ಅನ್ನಬಹುದು.

ಬ್ಯಾಗಿನಲ್ಲಿ ಏನಿರಬೇಕು? ನಕ್ಷೆ-ದಿಕ್ಸೂಚಿ, ತಲೆಗೆ ಕಟ್ಟುವ ಟಾರ್ಚು, ಹೆಚ್ಚುವರಿ ಸೆಲ್, ಸೀಟಿ, ಚಾಕು, ಬೆಂಕಿಪೊಟ್ಟಣ, ಪ್ರಥಮ ಚಿಕಿತ್ಸೆಯ ಚೀಲ, ಬಿಸಿಲಿಗೆ ಟೋಪಿ-ಕ್ರೀಮು, ಒಂದು ಹೆಚ್ಚುವರಿ ಬೆಚ್ಚನೆ ಬಟ್ಟೆ, ಒಂದು ಹೊತ್ತಿಗೆ ಜಾಸ್ತಿ ಊಟ, ಹೆಚ್ಚುವರಿ ನೀರು, ತೀರಾ ತೆಳ್ಳನೆಯ ಬೆಳ್ಳಿಬಣ್ಣದ ತುರ್ತು ಹೊದಿಕೆ. ಹಗಲಿನ ಚಾರಣಕ್ಕೆ ಟಾರ್ಚು ಯಾಕೆ ಅಂತ ಕೇಳುವವರು ನನ್ನ ಕತೆಯನ್ನು ಇನ್ನೊಮ್ಮೆ ಓದಲಿ.

5. ನೀರು ಮತ್ತು ತಿಂಡಿ

ಸಾಧಾರಣ ಹವೆಯಲ್ಲಿ ಗಂಟೆಗೆ ಅರ್ಧ ಲೀಟರ್ ನೀರು, ಬಿಸಿಲಲ್ಲಿ ಇನ್ನೂ ಜಾಸ್ತಿ. ಆದರೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ. ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ, ಗಲಿಬಿಲಿ ಬರುತ್ತದೆ. ನೋಡಿದವರು ಬಿಸಿಲಿನ ಆಯಾಸ ಅಂದುಕೊಂಡು ಮತ್ತೂ ನೀರು ಕುಡಿಸುತ್ತಾರೆ. ನೀರಿನ ಜೊತೆ ಉಪ್ಪುಪ್ಪಾಗಿ ಏನಾದರೂ ತಿನ್ನುತ್ತಿರಿ.

ಹರಿಯುವ ತೊರೆ ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಮೇಲೆಲ್ಲೋ ಪ್ರಾಣಿಯ ಹಿಕ್ಕೆ ಬಿದ್ದಿರುತ್ತದೆ, ಜಿಯಾರ್ಡಿಯಾ ಅನ್ನುವ ಜೀವಿ ವಾರಗಟ್ಟಲೆ ಭೇದಿ ಹಿಡಿಸುತ್ತದೆ. ಕುದಿಸುವುದು ಎಲ್ಲಕ್ಕಿಂತ ಭದ್ರ. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಮೇಲೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಈ ಹೆಚ್ಚುವರಿ ಸಮಯ. ತಿನ್ನುವುದಕ್ಕೆ ಬೀಜಗಳು, ಒಣಹಣ್ಣು ಇರಲಿ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ.

6. ಒಬ್ಬರಿಗೆ ಹೇಳಿ ಹೊರಡಿ

ಖರ್ಚಿಲ್ಲದ, ಎಲ್ಲರೂ ಮರೆಯುವ ಹೆಜ್ಜೆ ಇದು. ಊರಲ್ಲಿ ಉಳಿಯುವ ಒಬ್ಬರಿಗೆ ನಾಲ್ಕು ವಿಷಯ ಬರೆದು ಕಳಿಸಿ: ಯಾವ ಗೇಟಿನಿಂದ ಯಾವ ಹಾದಿ, ಜೊತೆಗೆ ಯಾರು, ಎಷ್ಟೊತ್ತಿಗೆ ವಾಪಸ್, ಎಷ್ಟೊತ್ತಿನ ತನಕ ಸುದ್ದಿ ಬರದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಕೊನೆಯದೇ ಮುಖ್ಯ. ‘ಸಂಜೆ ಬರ್ತೀನಿ’ ಅಂದರೆ ಅವರು ರಾತ್ರಿಯೆಲ್ಲ ‘ಈಗ ಬರಬಹುದು’ ಅಂತ ಕಾಯುತ್ತಾರೆ. ‘ಎಂಟರ ಒಳಗೆ ಮೆಸೇಜ್ ಬರದಿದ್ದರೆ ಉದ್ಯಾನದ ಆಫೀಸಿಗೆ ತಿಳಿಸಿ’ ಅಂದರೆ ಅವರಿಗೂ ನಿರಾಳ.

7. ಕೊನೆಗೂ ನಡಿಗೆ

ಮೊದಲ ಅರ್ಧ ಗಂಟೆ ನಾಚಿಕೆಯಾಗುವಷ್ಟು ನಿಧಾನ ನಡೆಯಿರಿ. ಅಳತೆಗೋಲು ಸರಳ. ಜೊತೆಯವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆದರೆ ಸರಿಯಾದ ವೇಗ, ಎರಡು ಪದಕ್ಕೇ ಉಸಿರು ಕಟ್ಟಿದರೆ ಜಾಸ್ತಿ. ಏರಿನಲ್ಲಿ ಹೆಜ್ಜೆ ಚಿಕ್ಕದಾಗಿರಲಿ. ಗುಂಪಿನಲ್ಲಿ ತೀರಾ ನಿಧಾನದವರ ವೇಗವೇ ಎಲ್ಲರ ವೇಗ. ಮುಂದೆ ಓಡಿ ಕಾದು ಕುಳಿತವರು, ಹಿಂದಿನವರು ಬಂದ ತಕ್ಷಣ ‘ಹೋಗೋಣ್ವಾ’ ಅಂತ ಎದ್ದರೆ ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ.

ಇಳಿಯುವಾಗ ಮಂಡಿ ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ. ದಣಿದ ಕಾಲು, ಮುಗಿಯಿತಲ್ಲ ಅನ್ನುವ ಸಡಿಲ ಮನಸ್ಸು ಸೇರಿ ಜಾರಿ ಬೀಳುವುದು ಇಳಿಜಾರಿನಲ್ಲೇ. ಎರಡು ಊರುಗೋಲು ಇದ್ದರೆ ಮಂಡಿಯ ಭಾರ ಇಳಿಯುತ್ತದೆ. ಕಿರಿದಾದ ಹಾದಿಯಲ್ಲಿ ಹತ್ತುವವರಿಗೆ ಇಳಿಯುವವರು ದಾರಿ ಬಿಡುವುದು ರೂಢಿ.

ಪ್ರತಿ ಕವಲಿನಲ್ಲೂ ಒಮ್ಮೆ ಹಿಂದೆ ತಿರುಗಿ ನೋಡಿ. ವಾಪಸ್ ಬರುವಾಗ ಕಾಣುವ ಕಾಡು ಅದು, ಹೋಗುವಾಗ ಕಂಡದ್ದಲ್ಲ. ಒಂದು ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

8. ನೋಡುವುದನ್ನೂ ಕಲಿಯಬೇಕು

ಕಾಡಿಗೆ ಹೋಗಿ ಏನೂ ಕಾಣಲಿಲ್ಲ ಅನ್ನುವವರು ಸಾಮಾನ್ಯವಾಗಿ ಹತ್ತು ಗಂಟೆಗೆ ಹೊರಟು, ಮಾತಾಡುತ್ತಾ ನಡೆದವರು. ಪ್ರಾಣಿ-ಪಕ್ಷಿಗಳ ಓಡಾಟ ಬೆಳಗಾಗುವ ಹೊತ್ತು ಮತ್ತು ಸಂಜೆ ಜಾಸ್ತಿ. ಅದಕ್ಕಿಂತ ಮುಖ್ಯವಾದದ್ದು ನಿಲ್ಲುವುದು. ನೀರಿನ ಹತ್ತಿರವೋ ಕಾಡು-ಹುಲ್ಲುಗಾವಲು ಕೂಡುವ ಅಂಚಿನಲ್ಲೋ ಒಂದು ಜಾಗ ಹುಡುಕಿ ಇಪ್ಪತ್ತು ನಿಮಿಷ ಸುಮ್ಮನೆ ಕೂತುಬಿಡಿ. ಮೊದಲ ಐದು ನಿಮಿಷ ಏನೂ ಇರುವುದಿಲ್ಲ. ನೀವು ಬಂದ ಸದ್ದಿಗೆ ಎಲ್ಲವೂ ಬಾಯಿ ಮುಚ್ಚಿಕೊಂಡಿರುತ್ತವೆ. ಆಮೇಲೆ ಒಂದು ಸಣ್ಣ ಹಕ್ಕಿ ಶುರು ಮಾಡುತ್ತದೆ, ಎಲೆಯಡಿ ಏನೋ ಸರಕ್ ಅನ್ನುತ್ತದೆ, ಮರದ ತೊಗಟೆಯೇ ಅಂದುಕೊಂಡಿದ್ದು ಹಲ್ಲಿಯಾಗಿ ಓಡುತ್ತದೆ. ಎಂಟು ಕಿಲೋಮೀಟರು ನಡೆದು ನೋಡಿದ್ದಕ್ಕಿಂತ ಕೂತು ನೋಡಿದ್ದೇ ನನಗೆ ಹೆಚ್ಚು ನೆನಪಿದೆ.

ದುರ್ಬೀನು ಕೊಳ್ಳುವುದಾದರೆ 8x42 ಅಂತ ಬರೆದದ್ದು ಮೊದಲ ಸಲಕ್ಕೆ ಸರಿ. ಎಂಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರು ಅಗಲ ಇರುವುದರಿಂದ ಮಬ್ಬು ಬೆಳಕಲ್ಲೂ ನಡೆಯುತ್ತದೆ. ಹನ್ನೆರಡು ಪಟ್ಟಿನದ್ದು ತಂದರೆ ಕೈ ನಡುಕವೂ ಹನ್ನೆರಡು ಪಟ್ಟು.

ಪ್ರಾಣಿ ಕಾಣದಿದ್ದರೂ ಅದರ ಗುರುತು ಕಾಣುತ್ತದೆ. ಕೆಸರಿನಲ್ಲಿ ಹೆಜ್ಜೆ ಸಿಕ್ಕರೆ ಉಗುರಿನ ಗುರುತು ನೋಡಿ. ನಾಯಿ, ತೋಳದ ಹೆಜ್ಜೆಯಲ್ಲಿ ಉಗುರು ಮೂಡಿರುತ್ತದೆ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತವೆ, ಹಾಗಾಗಿ ಸಾಮಾನ್ಯವಾಗಿ ಮೂಡುವುದಿಲ್ಲ. ಹಿಕ್ಕೆಯಲ್ಲಿ ಕೂದಲಿದ್ದರೆ ಬೇಟೆಗಾರ, ಬೀಜ ತುಂಬಿದ್ದರೆ ಹಣ್ಣು ತಿನ್ನುವ ಪ್ರಾಣಿ. ಮುಟ್ಟಬೇಡಿ, ಕಡ್ಡಿಯಲ್ಲಿ ಕೆದಕಿ ನೋಡಿ ಸಾಕು.

9. ಪ್ರಾಣಿ ಎದುರಾದರೆ

ಎಷ್ಟು ದೂರ ಇರಬೇಕು? ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರು, ಕಾಡೆಮ್ಮೆ ಜಾತಿಯ ಬೈಸನ್ ಮತ್ತು ಕಡವೆಗಳಂಥ ಪ್ರಾಣಿಗಳಿಂದ 23 ಮೀಟರು ಅಂತ ನಿಯಮ. ಅಳೆಯಲು ಟೇಪು ಬೇಡ. ಕೈ ಉದ್ದಕ್ಕೆ ಚಾಚಿ, ಹೆಬ್ಬೆರಳೆತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಹೆಬ್ಬೆರಳಿನ ಹಿಂದೆ ಪ್ರಾಣಿ ಪೂರ್ತಿ ಮರೆಯಾಗದಿದ್ದರೆ ನೀವು ಹತ್ತಿರ ಇದ್ದೀರಿ. ಪ್ರಾಣಿ ಮೇಯುವುದು ಬಿಟ್ಟು ನಿಮ್ಮನ್ನೇ ನೋಡಲು ಶುರು ಮಾಡಿದರೂ ಅದೇ ಅರ್ಥ.

ಯಾವ ದೊಡ್ಡ ಪ್ರಾಣಿ ಎದುರಾದರೂ ಓಡುವುದು ಕೊನೆಯ ಉಪಾಯವಾಗಿರಲಿ. ಬೆಕ್ಕಿನ ಜಾತಿಯವು, ಕರಡಿ ಇವುಗಳ ಎದುರು ಓಡಿದರೆ ಬೇಟೆಯ ಹಾಗೆ ಕಾಣುತ್ತೀರಿ. ಚಿರತೆ, ಪ್ಯೂಮಾಗಳ ಕಡೆ ಮುಖ ಮಾಡಿ, ಕೈಯೆತ್ತಿ ದೊಡ್ಡದಾಗಿ ಕಾಣಿಸಿಕೊಂಡು, ಗಟ್ಟಿಯಾಗಿ ಮಾತಾಡುತ್ತಾ ಹಿಂದೆ ಸರಿಯಿರಿ. ಬಗ್ಗಬೇಡಿ, ಮಕ್ಕಳನ್ನು ಎತ್ತಿಕೊಳ್ಳಿ. ಕಂದು ಕರಡಿ ಮೈಮೇಲೆ ಬಂದರೆ ಬೋರಲು ಮಲಗಿ, ಕುತ್ತಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಅಲುಗದೆ ಇರಬೇಕು. ಅಮೆರಿಕದ ಕಪ್ಪು ಕರಡಿಯಾದರೆ ಉಲ್ಟಾ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದು ಹೋರಾಡಬೇಕು. ಹೋಗುವ ಕಾಡಿನಲ್ಲಿ ಯಾವ ಕರಡಿ ಇದೆ ಅಂತ ಮೊದಲೇ ತಿಳಿಯಬೇಕಾದದ್ದು ಇದಕ್ಕೇ. ಆನೆ ದೂರದಲ್ಲಿ ಕಂಡ ಕೂಡಲೇ ಬಂದ ದಾರಿಯಲ್ಲಿ ಸದ್ದಿಲ್ಲದೆ ಹಿಂದಕ್ಕೆ ಹೋಗಿ. ನಿಮ್ಮ ಕಡೆಯಿಂದ ಅದರ ಕಡೆಗೆ ಗಾಳಿ ಬೀಸುತ್ತಿದ್ದರೆ ಅದಕ್ಕೆ ನಿಮ್ಮ ವಾಸನೆ ಆಗಲೇ ಸಿಕ್ಕಿದೆ.

ಬಿದ್ದ ಮರವನ್ನು ದಾಟುವಾಗ ಒಂದೇ ಸಲ ಆಚೆ ಹೆಜ್ಜೆ ಇಡಬೇಡಿ. ಆಚೆ ಬದಿ ಏನಿದೆ ಅಂತ ನೋಡಿ ಆಮೇಲೆ ಇಳಿಯಿರಿ. ಹಾವು ಕಚ್ಚಿದರೆ ಗಾಯ ಕುಯ್ಯುವುದು, ವಿಷ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಎಲ್ಲವೂ ತಪ್ಪು. ಉಂಗುರ, ವಾಚು ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಿ.

ಇಂಬಳ ಹತ್ತಿದರೆ ಹೆದರಬೇಕಿಲ್ಲ, ಉಗುರಿನಿಂದ ಅದರ ಬಾಯಿಯ ಅಂಚು ಸರಿಸಿದರೆ ಬಿಡುತ್ತದೆ. ಉಣುಗು ಬೇರೆ. ಅದು ರೋಗ ತರಬಲ್ಲದು. ಚೂಪು ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ.

10. ಆಕಾಶ, ನೀರು, ಎತ್ತರ

ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲೇ ಇದ್ದೀರಿ. ಮಿಂಚಿದ ಮೇಲೆ ಗುಡುಗುವ ತನಕ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರಿನಲ್ಲಿ ದೂರ. ನೆತ್ತಿ, ಏಣು, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಎತ್ತರದ ಪರ್ವತಗಳಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗುಮಳೆ ಕಟ್ಟುವುದು ಸಾಮಾನ್ಯ, ಆದ್ದರಿಂದಲೇ ಬೆಳಿಗ್ಗೆ ಬೇಗ ಹೊರಡುವುದು.

ಕಿರಿದಾದ ಕಮರಿಯಲ್ಲಿ ನಿಮ್ಮ ತಲೆ ಮೇಲಿನ ಆಕಾಶ ನೋಡಿದರೆ ಸಾಲದು. 1997ರ ಆಗಸ್ಟಿನಲ್ಲಿ ಅಮೆರಿಕದ ಆರಿಜೋನದ ಲೋಯರ್ ಆಂಟಿಲೋಪ್ ಕಮರಿಯಲ್ಲಿ 11 ಜನ ಪ್ರವಾಹಕ್ಕೆ ಸಿಕ್ಕಿ ಸತ್ತರು. ಮಳೆ ಸುರಿದದ್ದು ಹಲವು ಮೈಲಿ ಆಚೆ. ಹೊಳೆ ದಾಟುವಾಗ ನೀರು ಮಂಡಿಗಿಂತ ಮೇಲೆ ಬಂದು ಸೆಳೆತವೂ ಇದ್ದರೆ ದಾಟಬೇಡಿ. ದಾಟಲೇಬೇಕಾದ ಸಣ್ಣ ಹಳ್ಳದಲ್ಲೂ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ. ಬಿದ್ದರೆ ಬ್ಯಾಗು ಕಳಚಿ ಏಳಬಹುದು.

ಚಳಿಯ ಅಪಾಯಕ್ಕೆ ಹಿಮವೇ ಬೇಕಿಲ್ಲ. ಹತ್ತು ಡಿಗ್ರಿ, ಒದ್ದೆ ಬಟ್ಟೆ, ಗಾಳಿ ಇದ್ದರೆ ಸಾಕು. ಜೊತೆಯವರು ಎಡವುತ್ತಿದ್ದಾರೆ, ಮಾತು ತೊದಲುತ್ತಿದೆ, ಜಿಪ್ ಹಾಕಲು ಬೆರಳು ಆಡುತ್ತಿಲ್ಲ, ಸುಮ್ಮಸುಮ್ಮನೆ ಸಿಡುಕುತ್ತಿದ್ದಾರೆ ಅಂದರೆ ನಿಲ್ಲಿಸಿ. ಒಣ ಬಟ್ಟೆ ಹಾಕಿಸಿ, ಸಿಹಿ ಕೊಡಿ, ಗಾಳಿಯಿಂದ ಮರೆ ಮಾಡಿ. ಬಿಸಿಲಲ್ಲಿ ಇದೇ ರೀತಿ ಗಲಿಬಿಲಿಯಾದರೆ ನೆರಳಿಗೆ ತಂದು ಮೈ ಒದ್ದೆ ಮಾಡಿ ಗಾಳಿ ಹಾಕಿ, ಸಹಾಯಕ್ಕೆ ಕರೆಯಿರಿ.

2500 ಮೀಟರು ದಾಟಿದ ಮೇಲೆ ತಲೆನೋವು, ವಾಕರಿಕೆ ಬಂದರೆ ಎತ್ತರದ ಕಾಯಿಲೆ ಅಂತಲೇ ತಿಳಿದು ಏರುವುದು ನಿಲ್ಲಿಸಿ. ಕಡಿಮೆಯಾಗದಿದ್ದರೆ ಇಳಿಯಿರಿ. ನಡೆಯುವಾಗ ತೂರಾಡಿದರೆ, ಕೂತಲ್ಲೂ ಏದುಸಿರು ಬಂದರೆ ರಾತ್ರಿಯಾದರೂ ಇಳಿಯಬೇಕು. 3000 ಮೀಟರಿಗಿಂತ ಮೇಲೆ ಹಲವು ದಿನ ಹೋಗುವವರು ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು.

11. ದಾರಿ ತಪ್ಪಿದರೆ

‘ಇನ್ನೊಂದು ಸ್ವಲ್ಪ ಮುಂದೆ ಹೋದರೆ ಸಿಗಬಹುದು’ ಅನ್ನುವ ಯೋಚನೆ ಬಂದ ಕೂಡಲೇ ಕೂತುಬಿಡಿ. ನೀರು ಕುಡಿಯಿರಿ. ಕೊನೆಯ ಸಲ ಹಾದಿಯ ಗುರುತು ಎಲ್ಲಿ ಕಂಡೆ ಅಂತ ನೆನಪಿಸಿಕೊಳ್ಳಿ. ಸ್ಪಷ್ಟವಾಗಿ ನೆನಪಿದ್ದರೆ ಅಲ್ಲಿಗೆ ಹಿಂದಿರುಗಿ. ಇಲ್ಲದಿದ್ದರೆ ಇದ್ದಲ್ಲೇ ಇರಿ. ಅಲೆದಾಡುವವರನ್ನು ಹುಡುಕುವುದಕ್ಕಿಂತ ಒಂದೇ ಕಡೆ ಇರುವವರನ್ನು ಹುಡುಕುವುದು ಸುಲಭ. ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಅನ್ನುವ ಮಾತು ನಂಬಬೇಡಿ. ಹಳ್ಳ ಮೊದಲು ಮುಟ್ಟಿಸುವುದು ಜಲಪಾತದ ಅಂಚಿಗೆ ಇರಬಹುದು.

ಪರ್ವತಗಳಲ್ಲಿ ಸಹಾಯ ಕೇಳುವ ಸಂಕೇತ ನಿಮಿಷಕ್ಕೆ ಆರು ಸಲ ಸೀಟಿ ಅಥವಾ ಟಾರ್ಚು, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರ ಅಮೆರಿಕದಲ್ಲಿ ಮೂರು ಸಲ. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಸಿಗ್ನಲ್ ಒಂದೇ ಗೆರೆ ಇದ್ದರೆ ಕರೆಗಿಂತ ಮೆಸೇಜ್ ಹೋಗುವ ಸಾಧ್ಯತೆ ಜಾಸ್ತಿ.

12. ನೀವು ಬಂದದ್ದು ಗೊತ್ತಾಗದ ಹಾಗೆ

ಹಾದಿಯಲ್ಲಿ ಕೆಸರಿದ್ದರೆ ಕೆಸರಿನ ಮೇಲೇ ನಡೆಯಿರಿ. ಪಕ್ಕದ ಹುಲ್ಲು ತುಳಿದು ಹೋದರೆ ಹಾದಿ ವರ್ಷ ವರ್ಷ ಅಗಲವಾಗುತ್ತದೆ. ಮರುಭೂಮಿಯ ಉದ್ಯಾನಗಳಲ್ಲಿ ಕಪ್ಪಗೆ ಹೆಪ್ಪುಗಟ್ಟಿದ ಹಾಗೆ ಕಾಣುವ ನೆಲ ಬರೀ ಮಣ್ಣಲ್ಲ. ಸೂಕ್ಷ್ಮಜೀವಿಗಳು, ಪಾಚಿ, ಕಲ್ಲುಹೂವು ಸೇರಿ ಕಟ್ಟಿದ ಪದರ ಅದು. ಒಂದು ಹೆಜ್ಜೆಗೆ ಮುರಿದದ್ದು ಕೂಡಲು ಹತ್ತಾರು ವರ್ಷ ಬೇಕು.

ಶೌಚಕ್ಕೆ ನೀರಿನಿಂದಲೂ ಹಾದಿಯಿಂದಲೂ 60-70 ಮೀಟರು ದೂರ ಹೋಗಿ, 15ರಿಂದ 20 ಸೆಂಟಿಮೀಟರು ಆಳದ ಗುಂಡಿ ತೋಡಿ, ಮುಚ್ಚಿ. ಕಾಗದ ಕವರಿನಲ್ಲಿ ವಾಪಸ್ ತನ್ನಿ. ಹಣ್ಣಿನ ಸಿಪ್ಪೆಯೂ ಕಸವೇ. ಕೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಪ್ರಾಣಿಗಳಿಗೆ ಹಾದಿ ಪಕ್ಕ ಊಟ ಸಿಗುತ್ತದೆ ಅನ್ನುವ ಪಾಠ ಕಲಿಸಿರುತ್ತದೆ. ಕಲ್ಲಿನ ಮೇಲೆ ಕಲ್ಲು ಪೇರಿಸುವ ಚಪಲ ಬೇಡ. ಎಷ್ಟೋ ಕಡೆ ಅದು ಹಾದಿ ತೋರಿಸುವ ಗುರುತು, ನೀವು ಇಟ್ಟದ್ದನ್ನು ನಂಬಿ ಇನ್ನೊಬ್ಬರು ತಪ್ಪು ದಾರಿ ಹಿಡಿಯುತ್ತಾರೆ.

13. ಕೆಳಗಿಳಿದ ಮೇಲೆ

ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಜಾಗ, ಎಲ್ಲ ಕಡೆ ಉಣುಗು ಹುಡುಕಿ. ಶೂ ಅಟ್ಟೆಯ ಮಣ್ಣು ಅಲ್ಲೇ ಉಜ್ಜಿ ತೆಗೆಯಿರಿ, ಮುಂದಿನ ಕಾಡಿಗೆ ಅದು ಹೋಗಬಾರದು. ಲೆಕ್ಕ ಹಾಕಿದ ಸಮಯ ಎಷ್ಟು, ನಿಜವಾಗಿ ಹಿಡಿದದ್ದು ಎಷ್ಟು ಅಂತ ಬರೆದಿಡಿ. ನಾಲ್ಕೈದು ಚಾರಣ ಆದ ಮೇಲೆ ನೈಸ್ಮಿತ್ ಲೆಕ್ಕವನ್ನು ಎಷ್ಟು ಪಟ್ಟು ಮಾಡಬೇಕು ಅನ್ನುವ ನಿಮ್ಮದೇ ಅಂಕಿ ಸಿಗುತ್ತದೆ.

ಆದರೆ ಇದೆಲ್ಲಕ್ಕಿಂತ ಮೊದಲು, ಶೂ ಬಿಚ್ಚುವುದಕ್ಕೂ ಮೊದಲು, ಸಿಗ್ನಲ್ ಸಿಕ್ಕ ಕೂಡಲೇ ಆ ಒಬ್ಬರಿಗೆ ಮೆಸೇಜ್ ಹಾಕಿ. ಆ ಕತ್ತಲ ದಿನ ನಾನು ಕೆಳಗೆ ಮುಟ್ಟಿದಾಗ ಏಳೂವರೆ. ಹಸಿವಿನಲ್ಲಿ ಊಟಕ್ಕೆ ಕೂತವನು ಫೋನು ಚಾರ್ಜಿಗೆ ಹಾಕಿ ಮರೆತೇಬಿಟ್ಟೆ. ಎಂಟೂಕಾಲಿಗೆ ಇಬ್ಬರು ಕಾವಲುಗಾರರು ಟಾರ್ಚು, ಹಗ್ಗ ಹಿಡಿದು ನನ್ನನ್ನು ಹುಡುಕಲು ಹೊರಟಿದ್ದರು. ನಾನು ಊಟ ಮಾಡುತ್ತಿದ್ದ ಕಿಟಕಿಯ ಮುಂದೆಯೇ ಹಾದು ಹೋದರು.